ಟ್ಯಾಂಕ್ ಸಿಬ್ಬಂದಿ ಫಿಗರ್: ಕಪ್ಪು ಸಮವಸ್ತ್ರ ಬೂದಿ ಮೆತ್ತಿದ ಹಾಗಾಗಿದೆ, ಏನು ಮಾಡುವುದು?

ಕುಂಬಳೆ ಕುಂಚ (ಕಾಸರಗೋಡು)

1/35ರ (ನಿಜದ 35ನೇ ಒಂದು ಗಾತ್ರದ) ಜರ್ಮನ್ ಟ್ಯಾಂಕ್ ಸಿಬ್ಬಂದಿ, ಐದು ಗೊಂಬೆಗಳ (ಫಿಗರ್) ಪ್ಲಾಸ್ಟಿಕ್ ಸೆಟ್. ಟೈಗರ್ ಟ್ಯಾಂಕಿನ ಮೇಲೆ ಕೂರಿಸಲಿಕ್ಕೆ. ಸಂದರ್ಭ 1943 ಜುಲೈ, ರಷ್ಯಾದ ಕುರ್ಸ್ಕ್ ಕದನ. ಬಣ್ಣ ವಲ್ಲೆಹೊ 70.950 ಕಪ್ಪು, ಕುಂಚದಲ್ಲಿ ಎರಡು ಕೋಟ್. ಮೇಲಿಂದ ಸ್ಪ್ರೇ ಡಬ್ಬಿಯ ಲ್ಯಾಕರ್ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್.

ಒಣಗಿದ ಮೇಲೆ ಮೂರು ಫಿಗರ್ ಒಲೆಬೂದಿ ಮೆತ್ತಿದ ಹಾಗೆ ಉಂಟು. ಮಡಿಕೆಯ ಒಳಗೆ ಜಾಸ್ತಿ, ಎದೆಯ ಮೇಲೆ ಕಡಿಮೆ. ಉಳಿದ ಎರಡರಲ್ಲಿ ಬೂದಿ ಇಲ್ಲ, ಆದರೆ ಇದ್ದಿಲ ತುಂಡಿನ ಹಾಗೆ ಕಾಣುತ್ತದೆ. ಜೇಬು, ಹೊಲಿಗೆ, ಕಾಲರು ಯಾವುದೂ ಎದ್ದು ಬರುವುದಿಲ್ಲ.

ಮೂರು ಪ್ರಶ್ನೆ: ಬೂದಿ ಹೋಗಿಸುವುದು ಹೇಗೆ, ಕಪ್ಪಿನಲ್ಲಿ ಆಕಾರ ತೋರಿಸುವುದು ಹೇಗೆ, ಮತ್ತೆ ಪೆಟ್ಟಿಗೆಯಲ್ಲಿ ಬಂದ ದಪ್ಪ ಬೆರೆಟ್ ಟೋಪಿಯ ತಲೆಗಳನ್ನು ಕುರ್ಸ್ಕ್‌ಗೆ ಹಾಕಬಹುದಾ?

ಹೊಸೂರು 35 (ಕೃಷ್ಣಗಿರಿ ಜಿಲ್ಲೆ)

ಹಾಳಾದ ಮೂರು ಮೊದಲು ಹೊಡೆದವಾ, ಕೊನೆಗೆ ಹೊಡೆದವಾ? ಅದು ಗೊತ್ತಾದ್ರೆ ಅರ್ಧ ಕೆಲಸ ಮುಗೀತು.

ಈಗ ಒಂದು ಪರೀಕ್ಷೆ. ಒಣ ಹತ್ತಿಕಡ್ಡಿಯಲ್ಲಿ ಮೆಲ್ಲಗೆ ಉಜ್ಜಿ ನೋಡಿ. ಬಿಳಿ ಪುಡಿ ಕಡ್ಡಿಗೆ ಅಂಟಿದ್ರೆ, ವಾರ್ನಿಷ್ ಗಾಳಿಯಲ್ಲೇ ಒಣಗಿ ಪುಡಿಯಾಗಿ ಬಿದ್ದಿದೆ ಅಂತ ಅರ್ಥ. ಉಜ್ಜಿದ್ರೂ ಹೋಗದೆ ಹಾಲಿನ ಪೊರೆ ಥರ ಸಮನಾಗಿದ್ರೆ ತೇವ ಒಳಗೆ ಸಿಕ್ಕಿಕೊಂಡಿದೆ. ಮಡಿಕೆಯ ತಳದಲ್ಲಿ ಮಾತ್ರ ಕಾಳುಕಾಳಾಗಿ ಬಿಳಿ ಕೂತಿದ್ರೆ, ಡಬ್ಬಿ ಸರಿಯಾಗಿ ಕುಲುಕಿಲ್ಲ, ಮ್ಯಾಟ್ ಪುಡಿ ತಳದಲ್ಲಿ ಗಟ್ಟಿಯಾಗಿ ಕೊನೆಗೆ ಒಟ್ಟಿಗೆ ಬಂದಿದೆ. ಡಬ್ಬಿಯೊಳಗಿನ ಗುಂಡು ಸದ್ದು ಮಾಡೋಕೆ ಶುರುವಾದ ಮೇಲೆ ಎರಡು ನಿಮಿಷ ಕುಲುಕಬೇಕು, ಸದ್ದು ಕೇಳೋವರೆಗೆ ಅಲ್ಲ.

ಕುಂಬಳೆ ಕುಂಚ

ಕೊನೆಗೆ ಹೊಡೆದವು. ಉಜ್ಜಿದರೆ ಹೋಗುವುದಿಲ್ಲ, ಹಾಲಿನ ಪೊರೆ ಹಾಗೆಯೇ ಉಂಟು. ಹೊಡೆದದ್ದು ಜಗಲಿಯಲ್ಲಿ, ಮಳೆ ನಿಂತ ಅರ್ಧ ಗಂಟೆಗೆ.

ಹೊಸೂರು 35

ಹಾಗಾದ್ರೆ ತೇವಾನೇ. ಲ್ಯಾಕರ್‌ನ ಥಿನ್ನರ್ ಬೇಗ ಹಾರುತ್ತೆ. ಹಾರುವಾಗ ಫಿಗರ್ ಮೇಲ್ಮೈಯ ಶಾಖ ಎಳಕೊಂಡು ಹೋಗುತ್ತೆ, ಮೇಲ್ಮೈ ತಣ್ಣಗಾಗಿ ಗಾಳಿಯ ನೀರಾವಿ ಹಸಿ ವಾರ್ನಿಷ್ ಮೇಲೆ ಇಬ್ಬನಿ ಥರ ಕೂರುತ್ತೆ. ಲೆಕ್ಕ ನೋಡಿ: ಗಾಳಿ 28 ಡಿಗ್ರಿ, ತೇವಾಂಶ ಶೇ. 85 ಇದ್ರೆ ಇಬ್ಬನಿ ಕಟ್ಟೋದು ಸುಮಾರು 25 ಡಿಗ್ರಿಯಲ್ಲಿ. ಅಂದ್ರೆ ಮೇಲ್ಮೈ ಮೂರೇ ಡಿಗ್ರಿ ತಣ್ಣಗಾದ್ರೆ ಸಾಕು. ಅದೇ 28 ಡಿಗ್ರಿಯಲ್ಲಿ ತೇವಾಂಶ ಶೇ. 50 ಇದ್ರೆ ಅದು ಹದಿನಾರೂವರೆಗೆ ಇಳಿಯುತ್ತೆ, ಹನ್ನೊಂದು ಡಿಗ್ರಿ ತಣ್ಣಗಾಗಬೇಕು. ಒಂದೇ ಡಬ್ಬಿ, ಒಂದೇ ಕೈ, ಹೊಸೂರಲ್ಲಿ ಜನವರಿಯಲ್ಲಿ ಸರಿ, ಕುಂಬಳೆಯಲ್ಲಿ ಜುಲೈಯಲ್ಲಿ ಬಿಳಿ.

ಮೊದಲ ಎರಡು ಯಾಕೆ ಉಳಿದವು? ಹೊಡೀತಾ ಹೋದ ಹಾಗೆ ಡಬ್ಬಿ ತಾನೇ ತಣ್ಣಗಾಗುತ್ತೆ, ಒಳಗಿನ ಒತ್ತಡ ಇಳಿಯುತ್ತೆ, ಹನಿ ದಪ್ಪ ಆಗುತ್ತೆ. ಮೂರನೇದಕ್ಕೆ ಬರೋ ಹೊತ್ತಿಗೆ ತಣ್ಣನೆಯ ದಪ್ಪ ಹನಿ ಮಡಿಕೆಯಲ್ಲಿ ನಿಂತಿದೆ.

ಸರಿಪಡಿಸೋದು: ಆ ಬಿಳುಪು ಬಣ್ಣ ಅಲ್ಲ, ಪೊರೆಯೊಳಗಿನ ಸಣ್ಣ ಸಣ್ಣ ಟೊಳ್ಳು. ಬೆಳಕು ಅಲ್ಲಿ ಚದುರಿ ಬಿಳಿ ಕಾಣುತ್ತೆ. ಟೊಳ್ಳು ತುಂಬಿದ್ರೆ ಕಪ್ಪು ವಾಪಸ್ ಬರುತ್ತೆ. ತಮಿಯಾ ಎಕ್ಸ್-22 ಕ್ಲಿಯರ್ ಒಂದು ಪಾಲು, ಎಕ್ಸ್-20ಎ ಥಿನ್ನರ್ ಒಂದು ಪಾಲು, ಕುಂಚದಲ್ಲಿ ತೆಳ್ಳಗೆ ಒಂದೇ ಸಲ ಎಳೀರಿ. ಹಿಂದೆ ಮುಂದೆ ಉಜ್ಜಬೇಡಿ, ಕೆಳಗಿನ ಬಣ್ಣ ಎದ್ದು ಬರುತ್ತೆ. ಒಂದು ದಿನ ಒಣಗಿಸಿ. ಹೊಳಪು ಬರುತ್ತೆ, ಹೆದರಬೇಡಿ. ಅದರ ಮೇಲೆ ವಲ್ಲೆಹೊ 70.520 ನೀರಿನ ಮ್ಯಾಟ್ ವಾರ್ನಿಷ್ ಕುಂಚದಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ಲ್ಯಾಕರ್ ಡಬ್ಬಿ ಮುಟ್ಟದೇ ಇರೋದೇ ಒಳ್ಳೇದು ಅನ್ನೋದು ನನ್ನ ಪಕ್ಷ.

ಹೊಡೀಲೇಬೇಕು ಅಂದ್ರೆ ಹೀಗೆ ಮಾಡಿ: ಡಬ್ಬೀನ ಕೈಗೆ ಹಿತವಾಗಿರೋ ಬಿಸಿನೀರಲ್ಲಿ ಐದು ನಿಮಿಷ ನಿಲ್ಲಿಸಿ (ಒಲೆ ಹತ್ತಿರ ಒಯ್ಯಲೇಬೇಡಿ, ಸಿಡಿಯುತ್ತೆ). ಫಿಗರ್‌ಗಳನ್ನು 40 ವ್ಯಾಟ್ ಹಳೇ ಬಲ್ಬ್ ಇರೋ ರಟ್ಟಿನ ಡಬ್ಬಿಯಲ್ಲಿ ಕಾಲು ಗಂಟೆ ಇಟ್ಟು ಬೆಚ್ಚಗೆ ಮಾಡಿ, ಬಲ್ಬಿಂದ ಒಂದು ಗೇಣು ದೂರ ಇರಲಿ. ಹೊಡೆಯೋ ಮುಂಚೆ ಬಲ್ಬ್ ಆರಿಸಿ, ಫಿಗರನ್ನು ರಟ್ಟಿನ ಡಬ್ಬಿಯಿಂದ ಹೊರಗೆ ತೆಗೆದು 25 ಸೆಂಟಿಮೀಟರ್ ದೂರದಿಂದ ಅರ್ಧ ಸೆಕೆಂಡಿನ ಹೊಡೆತ, ಮತ್ತೆ ಬೆಚ್ಚನೆ ಡಬ್ಬಿಗೆ. ತೇವಾಂಶ ತೋರಿಸೋ ಸಣ್ಣ ಮೀಟರ್ ಒಂದು ಇಟ್ಕೊಳ್ಳಿ. 65ರ ಮೇಲಿದ್ರೆ ಕೈ ಕಟ್ಟಿ ಕೂತ್ಕೊಳ್ಳಿ.

ಅಕ್ಕಲಕೋಟಿ ಆರ್ಮರ್ (ಸೋಲಾಪುರ ಜಿಲ್ಲೆ)

ಕರಾವಳಿಯವ್ರು ತೇವ ತೇವ ಅಂತಾರ, ನಮ್ಮ ಕಡೆ ತೇವನೇ ಇಲ್ಲ, ಆದ್ರೂ ಕಪ್ಪು ಬೆಳ್ಳಗಾಗ್ತದ. ಹೊಸೂರಿನವ್ರು ನಾಕು ಕಾರಣ ಹೇಳ್ಬೇಕಿತ್ತು, ಮೂರೇ ಹೇಳ್ಯಾರ. ನಾಕನೇದು ನೀರು.

ಬೋರಿನ ಗಡಸು ನೀರು ಹಾಕಿ ಬಣ್ಣ ತೆಳು ಮಾಡಿದ್ರ, ನೀರು ಆರಿದ ಮ್ಯಾಲೆ ಸುಣ್ಣ ಉಳೀತದ. ಹಸಿರು, ಕಂದು ಮ್ಯಾಲೆ ಕಾಣಂಗಿಲ್ಲ, ಕಪ್ಪಿನ ಮ್ಯಾಲೆ ಎದ್ದು ಕಾಣ್ತದ. ಗುರುತು ಏನಂದ್ರ, ಅಂಚು ಇರೋ ಉಂಗುರದ ಹಂಗ ಕಲೆ, ಚಹಾ ಲೋಟ ಇಟ್ಟ ಜಾಗದಾಗ ಆಗ್ತದಲ್ಲ, ಹಂಗ. ವಾಶ್ (ಮಡಿಕಿಗೆ ಹರಿಬಿಡೋ ನೀರು ನೀರು ಬಣ್ಣ) ಹಾಕಿದ ಜಾಗದಾಗ ಹೆಚ್ಚು, ಯಾಕಂದ್ರ ಅಲ್ಲಿ ನೀರು ಹೆಚ್ಚು. ವಾರ್ನಿಷ್ ಹಾಕೋಕಿಂತ ಮೊದಲೇ ಕಂಡ್ರ ಒಂದು ಪಾಲು ವಿನಿಗರ್, ಹತ್ತು ಪಾಲು ಡಿಸ್ಟಿಲ್ಡ್ ವಾಟರ್, ಕುಂಚದ ತುದೀಲೆ ಮುಟ್ಟಿಸಿ ಹತ್ತಿಲೆ ಎತ್ತಿಬಿಡ್ರಿ. ವಾರ್ನಿಷ್ ಬಿದ್ದ ಮ್ಯಾಲೆ ಕಂಡ್ರ ಮತ್ತ ಬಳಿಯೋದೇ ದಾರಿ. ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಯಾವ ಆಟೋ ಅಂಗಡ್ಯಾಗೂ ಸಿಗ್ತದ. ಕುಂಚ ತೊಳಿಲಿಕ್ಕೆ ಬೋರಿನ ನೀರು ನಡೀತದ, ಬಣ್ಣಕ್ಕ ಬ್ಯಾಡ.

ಇನ್ನೊಂದು, ಬ್ಯಾಸಗಿ. ಏಪ್ರಿಲ್ ಮೇ ತಿಂಗಳದಾಗ ಇಲ್ಲಿ 40 ದಾಟ್ತದ. ಏರ್‌ಬ್ರಷ್ (ಗಾಳಿಲೆ ಬಣ್ಣ ಊದೋ ಪೆನ್ನಿನಂಥ ಉಪಕರಣ) ಬಿಟ್ಟ ಬಣ್ಣ ಫಿಗರ್ ಮುಟ್ಟೋದ್ರಾಗ ಆರಿ ಪುಡಿ ಆಗ್ತದ. ಹತ್ತು ಹನಿ ಬಣ್ಣಕ್ಕ ಒಂದೋ ಎರಡೋ ಹನಿ ರಿಟಾರ್ಡರ್ (ಬಣ್ಣ ತಡವಾಗಿ ಆರೋ ಹಂಗ ಮಾಡೋ ದ್ರಾವಣ), ಏರ್‌ಬ್ರಷ್ 5–6 ಸೆಂಟಿಮೀಟರ್ ಹತ್ರ ತಗೊಂಡು ಹೊಡೀರಿ. ರಿಟಾರ್ಡರ್ ಮೂರು ಹನಿ ದಾಟಿದ್ರ ಬಣ್ಣ ದಿನಗಟ್ಲೆ ಜಿಗಿಜಿಗಿ ಇರ್ತದ, ಬೆರಳ ಗುರುತು ಕೂಡ್ತದ.

ನೀರ್ಚಾಲು ನೂಲು (ಕಾಸರಗೋಡು)

ಏರ್‌ಬ್ರಷ್ ಇರುವವರಿಗೆ ಮಳೆಗಾಲದ ಮಾತು ಒಂದು. ಕಂಪ್ರೆಸರಿನ ಟ್ಯಾಂಕಿಯ ತಳದ ತಿರುಪನ್ನು ಪ್ರತಿ ಸಲ ಬಿಚ್ಚಿ ನೀರು ಬಿಡಬೇಕು, ಚಮಚ ಗಟ್ಟಲೆ ಬರುತ್ತದೆ. ತೇವ ಹಿಡಿಯುವ ಗಾಜಿನ ಬಟ್ಟಲು ಕಂಪ್ರೆಸರಿನ ಹತ್ತಿರ ಇದ್ದರೆ ಪ್ರಯೋಜನ ಕಡಿಮೆ. ಬಿಸಿ ಗಾಳಿ ಪೈಪಿನಲ್ಲಿ ತಣಿದ ಮೇಲೆಯೇ ನೀರಾಗುವುದು. ಹಾಗಾಗಿ ಪೈಪಿನ ಈಚೆ ತುದಿಗೆ, ಏರ್‌ಬ್ರಷ್ ಹಿಡಿಯ ಕೆಳಗೆ ಸಣ್ಣದೊಂದು ಹಾಕಿ. ಇಲ್ಲದಿದ್ದರೆ ಮುಖಕ್ಕೆ ಬಣ್ಣ ಹೊಡೆಯುವಾಗಲೇ ಒಂದು ಹನಿ ನೀರು ಉಗುಳುತ್ತದೆ. ಬೇರೆ ಸಮಯದಲ್ಲಿ ಉಗುಳುವುದಿಲ್ಲ, ಅದು ಅದರ ಗುಣ.

ಮತ್ತೆ ತೇವದ ಪ್ಯಾಲೆಟ್ (ಬಣ್ಣ ಒಣಗದಿರಲಿಕ್ಕೆ ಒದ್ದೆ ಸ್ಪಂಜಿನ ಮೇಲೆ ಕಲಸುವ ತಟ್ಟೆ) ನಮ್ಮಲ್ಲಿ ನಾಲ್ಕು ದಿನಕ್ಕೆ ಬೂಸಲು ಹಿಡಿಯುತ್ತದೆ. ಸ್ಪಂಜಿನ ಅಡಿಗೆ ತಾಮ್ರದ ತಂತಿ ಸುರುಳಿ ಮಾಡಿ ಇಟ್ಟರೆ ತಡೆಯುತ್ತದೆ.

ಹೊಸೂರು 35

ಎರಡನೇ ಪ್ರಶ್ನೆಗೆ ಬರ್ತೀನಿ, ಕಪ್ಪಿನಲ್ಲಿ ಆಕಾರ.

70.950ನ್ನು ಹಾಗೇ ಬಳಿದ್ರೆ ಮುಗೀತು. ಅದಕ್ಕಿಂತ ಕಪ್ಪು ಇನ್ನೊಂದಿಲ್ಲ, ನೆರಳು ಹಾಕೋಕೆ ಜಾಗ ಇಲ್ಲ. ಐದು ಸೆಂಟಿಮೀಟರ್ ಗೊಂಬೆ ಮೇಲೆ ಬೀಳೋ ಬೆಳಕೂ ಕಡಿಮೆ. ತಳದ ಬಣ್ಣ ಕಪ್ಪಾಗಿರಬಾರದು, ಕಪ್ಪು ಅನ್ನಿಸೋ ಬೂದು ಆಗಿರಬೇಕು.

ತಳ: 70.995 ಜರ್ಮನ್ ಗ್ರೇ ಎರಡು ಹನಿ, 70.950 ಕಪ್ಪು ಎರಡು ಹನಿ, ನೀರು ನಾಲ್ಕು ಹನಿ. ಎರಡು ಮೂರು ತೆಳು ಕೋಟ್, ಪ್ರತಿ ಕೋಟ್ ಮಧ್ಯೆ ಇಪ್ಪತ್ತು ನಿಮಿಷ (ಕುಂಬಳೆಯಲ್ಲಿ ಮುಕ್ಕಾಲು ಗಂಟೆ ಅಂದ್ಕೊಳ್ಳಿ).

ಮೊದಲ ಬೆಳಕು (ಬೆಳಕು ಬೀಳೋ ಜಾಗಕ್ಕೆ ಹಾಕೋ ತಿಳಿ ಬಣ್ಣ): ತಳದ ಬಣ್ಣ ಆರು ಹನಿಗೆ 70.815 ಬೇಸಿಕ್ ಸ್ಕಿನ್‌ಟೋನ್ ಒಂದು ಹನಿ. ಬಿಳಿ ಹಾಕಬೇಡಿ. ಕಪ್ಪಿಗೆ ಬಿಳಿ ಹಾಕಿದ್ರೆ ನೀಲಿ ಸುಣ್ಣ ಬಳಿದ ಹಾಗಾಗುತ್ತೆ, ಆಮೇಲೆ ಅದನ್ನೂ ತೇವ ಅಂದ್ಕೊಂಡು ಇಲ್ಲಿ ಬಂದು ಕೇಳ್ತೀರಿ. ಚರ್ಮದ ಬಣ್ಣ ಹಾಕಿದ್ರೆ ಉಣ್ಣೆ ಥರ ಬೆಚ್ಚಗಿನ ಬೂದು ಬರುತ್ತೆ. ಇದನ್ನು ಭುಜ, ಮೊಣಕೈ ಮಡಿಕೆಯ ಮೇಲ್ತುದಿ, ಮೊಣಕಾಲು, ಜೇಬಿನ ಮುಚ್ಚಳದ ಮೇಲಂಚು ಇಷ್ಟಕ್ಕೆ ಮಾತ್ರ ಹಾಕಿ.

ಎರಡನೆಯದು: ಅದಕ್ಕೇ ಇನ್ನೊಂದು ಹನಿ ಸ್ಕಿನ್‌ಟೋನ್, ಮೂರು ಪಟ್ಟು ನೀರು. ಗೆರೆ ಮಾತ್ರ, ಜಾಗ ತುಂಬಬೇಡಿ. ಒಟ್ಟು ಬಟ್ಟೆಯಲ್ಲಿ ಬೆಳಕಿನ ಬಣ್ಣ ಐದನೇ ಒಂದು ಭಾಗಕ್ಕಿಂತ ಹೆಚ್ಚಾದ್ರೆ ಆಳು ಕಪ್ಪು ಬಟ್ಟೆ ಬಿಟ್ಟು ಬೂದು ಬಟ್ಟೆ ಉಟ್ಟ ಹಾಗೆ ಕಾಣ್ತಾನೆ.

ಆಮೇಲೆ ಅಪ್ಪಟ 70.950, ಒಂದು ಪಾಲಿಗೆ ನಾಲ್ಕು ಪಾಲು ನೀರು, ಮಡಿಕೆಯ ತಳಕ್ಕೆ, ತೋಳಿನಡಿಗೆ, ಬೆಲ್ಟಿನ ಕೆಳಗೆ. ಜಾಕೆಟ್ಟಿನ ಒಂದು ತುದಿ ಇನ್ನೊಂದರ ಮೇಲೆ ಬೀಳೋ ಓರೆ ಅಂಚಿಗೆ ಈ ಕಪ್ಪು ಗೆರೆ ಬಿದ್ದರೇನೇ ಎರಡು ಪದರ ಅಂತ ಗೊತ್ತಾಗೋದು.

ಕೊನೇದು ಹೊಳಪು, ಇದನ್ನು ಎಲ್ಲರೂ ಮರೀತಾರೆ. ಉಣ್ಣೆ ಸತ್ತ ಮ್ಯಾಟ್. ಬೂಟು ಅರೆಹೊಳಪು. ಇಯರ್‌ಫೋನಿನ ರಬ್ಬರ್ ಮ್ಯಾಟ್ ಆದ್ರೂ ಬಣ್ಣ ತಿಳಿ, ತಮಿಯಾ ಎಕ್ಸ್‌ಎಫ್-85 ಅದಕ್ಕೆ ಅಂತಲೇ ಇದೆ. ಬೆಲ್ಟು ಬೂಟಿಗೆ 70.950ಕ್ಕೆ ಚೂರು 70.859 ಬ್ಲ್ಯಾಕ್ ರೆಡ್. ನಾಲ್ಕೂ ಕಪ್ಪು, ನಾಲ್ಕೂ ಬೇರೆ. ಎಲ್ಲಾ ಆದ ಮೇಲೆ ಒಂದೇ ವಾರ್ನಿಷ್ ಡಬ್ಬಿ ತಗೊಂಡು ಮೇಲಿಂದ ಕೆಳಗೆ ಹೊಡೆದ್ರೆ ಇಷ್ಟೂ ಕೆಲಸ ನೀರಲ್ಲಿ ಹೋಮ.

ಆದೋನಿ ಅಳತೆ (ಕರ್ನೂಲು ಜಿಲ್ಲೆ)

ಬಣ್ಣದವರು ಮುಗಿಸಿದ್ದರೆ ಬಟ್ಟೆಯ ವಿಷಯ. ಮೂರನೆಯ ಪ್ರಶ್ನೆಗೆ ಉತ್ತರ: ಆ ಬೆರೆಟ್ ಕುರ್ಸ್ಕ್‌ಗೆ ಸಲ್ಲದು.

ಜರ್ಮನ್ ಟ್ಯಾಂಕ್ ದಳದ ಕಪ್ಪು ಸಮವಸ್ತ್ರ ಬಂದದ್ದು 1934ರಲ್ಲಿ. ಎಣ್ಣೆ, ಗ್ರೀಸು, ಮಸಿ ಎದ್ದು ಕಾಣದಿರಲಿ ಎಂದು ಕಪ್ಪು. ಇಕ್ಕಟ್ಟಿನ ಹ್ಯಾಚ್‌ಗೆ ಸಿಕ್ಕಿಕೊಳ್ಳದಿರಲಿ ಎಂದು ಗಿಡ್ಡ ಜಾಕೆಟ್. ಅದರ ಜೊತೆಗಿದ್ದ ದಪ್ಪ ಬೆರೆಟ್, ಷುಟ್ಸ್‌ಮ್ಯುಟ್ಸೆ, ನಿಜಕ್ಕೂ ಬೆರೆಟ್ ಅಲ್ಲ. ಒಳಗೆ ಮೆತ್ತೆ ತುಂಬಿದ ಗಟ್ಟಿ ಚಿಪ್ಪು, ಮೇಲೆ ಬಟ್ಟೆಯ ಹೊದಿಕೆ. ತಲೆ ಉಕ್ಕಿಗೆ ಬಡಿದರೆ ತಡೆಯಲು. ಇಯರ್‌ಫೋನ್ ಹಾಕಿಕೊಳ್ಳಲು ಅದೊಂದು ಪೀಡೆ. 1940ರಲ್ಲಿ ಕಪ್ಪು ಓರೆಟೋಪಿ (ಓರೆಯಾಗಿ ಇಡುವ, ಮುಂದಂಚಿಲ್ಲದ ಮಡಿಕೆ ಟೋಪಿ) ಬಂತು, ಬೆರೆಟ್ ಹಿಂದೆ ಸರಿಯಿತು. ಪೋಲೆಂಡ್ 1939, ಫ್ರಾನ್ಸ್ 1940 ಮಾಡುವವರು ಆ ತಲೆಗಳನ್ನು ಧಾರಾಳವಾಗಿ ಹಾಕಿ. ಟೈಗರ್ ಮೇಲೆ ಹಾಕಿದರೆ ಮದುವೆಗೆ ಅಜ್ಜನ ರುಮಾಲು ಸುತ್ತಿಕೊಂಡು ಬಂದ ಹಾಗೆ.

ಮುಂದಂಚು ಇರುವ ಎಂ43 ಟೋಪಿಯ ಆದೇಶ 1943 ಜೂನ್‌ದು. ಕುರ್ಸ್ಕ್ ಜುಲೈ. ಒಂದೇ ತಿಂಗಳಲ್ಲಿ ಐವರಿಗೂ ಹೊಸ ಟೋಪಿ ಬಂತು ಎನ್ನುವುದು ನಂಬುವ ಮಾತಲ್ಲ. ನಾಲ್ಕು ಓರೆಟೋಪಿ, ಕಮಾಂಡರ್ ಅಧಿಕಾರಿಯಾಗಿದ್ದರೆ ಅಧಿಕಾರಿಗಳ ಅಂಚಿನ ಟೋಪಿ (ಎಂ43 ಅಲ್ಲ) ಮತ್ತು ಅದರ ಮೇಲೆ ಇಯರ್‌ಫೋನ್, ಇದು ಸುರಕ್ಷಿತ ಹಂಚಿಕೆ.

ಕಾಲರಿನ ಸುತ್ತ ಗುಲಾಬಿ ಅಂಚುಪಟ್ಟಿ ಇರುವ ಜಾಕೆಟ್ ಹಳೆಯದು. 1942ರಿಂದ ಹೊಲಿದವುಗಳಲ್ಲಿ ಕಾಲರಿನ ಅಂಚು ಬಿಟ್ಟರು. ಕಾಲರ್ ಮೇಲಿನ ಚೌಕ ಪಟ್ಟಿ ಮತ್ತು ಭುಜಪಟ್ಟಿಯ ಸುತ್ತ ಮಾತ್ರ ಗುಲಾಬಿ ಉಳಿಯಿತು. ಹಳೆಯ ಜಾಕೆಟ್ ತೊಟ್ಟವನೊಬ್ಬ 1943ರಲ್ಲೂ ಇರಬಹುದು. ಐವರಲ್ಲಿ ಒಬ್ಬನಿಗೆ ಇರಲಿ, ಐವರಿಗೂ ಬೇಡ.

ಬಣ್ಣ ಗುಲಾಬಿಯೇ ಆಗಬೇಕೆಂದೂ ಇಲ್ಲ. 24ನೇ ಪಾಂಜರ್ ಡಿವಿಷನ್ ಕುದುರೆ ಸವಾರರ ದಳದಿಂದ ಬಂದದ್ದರಿಂದ ಹೊನ್ನಿನ ಹಳದಿ ಉಳಿಸಿಕೊಂಡಿತು. ಟ್ಯಾಂಕ್ ದಳದ ಎಂಜಿನಿಯರುಗಳಿಗೆ ಕಪ್ಪು ಬಿಳಿ ಹುರಿ.

ಕುಂಬಳೆ ಕುಂಚ

ಆದೋನಿಯವರೇ, ಕಾಲರಿನ ತಲೆಬುರುಡೆ ಹಿಟ್ಲರನ ನಾಜಿ ಪಕ್ಷದ ಪಡೆಯಾದ ಎಸ್‌ಎಸ್ ಗುರುತಲ್ಲವಾ? ಪೆಟ್ಟಿಗೆಯ ಚಿತ್ರದಲ್ಲಿ ಸೇನೆಯ ಹದ್ದಿನ ಜೊತೆಗೇ ಉಂಟು.

ಆದೋನಿ ಅಳತೆ

ಈ ಗೊಂದಲ ಎಲ್ಲರಿಗೂ ಇದೆ. ಕಾಲರ್ ಪಟ್ಟಿಯ ಬುರುಡೆ ಸೇನೆಯ ಟ್ಯಾಂಕ್ ದಳದ್ದು, ಪ್ರಷ್ಯಾದ ಹುಸಾರ್ ಸವಾರರ ಟೋಪಿಯಿಂದ ಬಂದದ್ದು. ಎಸ್‌ಎಸ್‌ನವರದ್ದು ಹೆಚ್ಚಾಗಿ ಟೋಪಿಯ ಮೇಲೆ, ಆಕಾರವೂ ಬೇರೆ. ಪೆಟ್ಟಿಗೆಯ ಚಿತ್ರ ಸರಿಯಾಗಿದೆ.

ಜಾಕೆಟ್ಟಿನ ಕತ್ತರಿಯಲ್ಲೂ ವ್ಯತ್ಯಾಸ ಇದೆ, ಫಿಗರ್ ಕೊಳ್ಳುವಾಗ ನೋಡಿ. ಸೇನೆಯ ಜಾಕೆಟ್ಟಿನ ಮುಂಭಾಗ ಓರೆಯಾಗಿ ಇಳಿಯುತ್ತದೆ, ಮಡಿಚಿದ ಎದೆಪಟ್ಟಿ ದೊಡ್ಡದು, ಬೆನ್ನಿನ ನಡುವೆ ಹೊಲಿಗೆ ಇದೆ. ಎಸ್‌ಎಸ್ ಜಾಕೆಟ್ ನೇರ ಇಳಿಯುತ್ತದೆ, ಎದೆಪಟ್ಟಿ ಚಿಕ್ಕದು, ಬೆನ್ನಿನಲ್ಲಿ ಹೊಲಿಗೆ ಇಲ್ಲ. ಡೆಕಾಲ್ (ಗುರುತಿನ ಅಂಟುಚೀಟಿ) ಬದಲಿಸಿ ಒಂದನ್ನು ಇನ್ನೊಂದು ಮಾಡಲಾಗದು. ಬೆನ್ನು ತಿರುಗಿಸಿದರೆ ಸಿಕ್ಕಿಬೀಳುತ್ತೀರಿ.

ಸ್ಟುಗ್ ಆಕ್ರಮಣ ತೋಪಿನವರಿಗೂ ಇದೇ ಮಾದರಿ ಜಾಕೆಟ್, ಆದರೆ ಕಪ್ಪಲ್ಲ, ಸೇನೆಯ ಬೂದುಹಸಿರು; ಅಂಚು ಫಿರಂಗಿ ದಳದ ಕೆಂಪು. ಟ್ಯಾಂಕ್ ರೆಜಿಮೆಂಟಿಗೇ ಸ್ಟುಗ್ ಕೊಟ್ಟ ಕಡೆ ಕಪ್ಪು ತೊಟ್ಟವರೂ ಇದ್ದರು. ಆಫ್ರಿಕಾದಲ್ಲಿ ಕಪ್ಪು ಉಣ್ಣೆ ತೊಡಲು ಸಾಧ್ಯವೇ? ಮರುಭೂಮಿಯ ಬಟ್ಟೆಯನ್ನೇ ತೊಟ್ಟು, ಕಪ್ಪು ಕಾಲರಿನಿಂದ ಬುರುಡೆ ಪಿನ್ನು ಬಿಚ್ಚಿ ಅದರ ಎದೆಪಟ್ಟಿಗೆ ಚುಚ್ಚಿಕೊಂಡರು.

ಅಂಚುಪಟ್ಟಿ ಬಳಿಯುವ ಬಗೆ. ನಿಜದ ಪಟ್ಟಿ 2 ಮಿಲಿಮೀಟರ್ ಎಂದಿಟ್ಟುಕೊಂಡರೆ 1/35ರಲ್ಲಿ 0.06 ಮಿಲಿಮೀಟರಿಗೂ ಚೂರು ಕಡಿಮೆ. ಅಷ್ಟು ಸಣ್ಣ ಗೆರೆ ಎಳೆಯುವ ಕುಂಚ ಇಲ್ಲ. ಉಲ್ಟಾ ಮಾಡಿ: ಕಾಲರ್ ಪಟ್ಟಿ ಪೂರ್ತಿ ಗುಲಾಬಿ ಬಳಿಯಿರಿ, ಒಣಗಲಿ, ಒಳಗೆ ಕಪ್ಪು ತುಂಬಿ, ಹೊರಗಿನಿಂದಲೂ ಕಪ್ಪಿನಿಂದ ಕೊರೆಯುತ್ತ ಬನ್ನಿ. ಉಳಿದ ಕೂದಲೆಳೆಯೇ ಅಂಚು. ಗುಲಾಬಿಗೆ 70.944 ಓಲ್ಡ್ ರೋಸ್‌ಗೆ ಸ್ವಲ್ಪ 70.958 ಪಿಂಕ್. ಬರೀ ಪಿಂಕ್ ಹಾಕಿದರೆ ಬಾಂಬೆ ಮಿಠಾಯಿ ಅಂಗಿ ಆಗುತ್ತದೆ. ಬುರುಡೆಗೆ ತಿಳಿಬೂದಿನ ಒಂದು ಚುಕ್ಕೆ, ಅದರ ಕೆಳಗೆ ಅದಕ್ಕಿಂತ ಸಣ್ಣದೊಂದು. ಕಣ್ಣು ಹಲ್ಲು ಬಿಡಿಸಲು ಹೋಗಬೇಡಿ.

ಅಕ್ಕಲಕೋಟಿ ಆರ್ಮರ್

ಜರ್ಮನ್ ಜರ್ಮನ್ ಅಂತ ಎಷ್ಟು ದಿನ ರೀ? ಬರೇ ಕಪ್ಪು ಬೆರೆಟ್ ಬೇಕಂದ್ರ ಅಸಲಿ ಕಪ್ಪು ಬೆರೆಟ್ ಬ್ರಿಟಿಷರದು. 1924ರಾಗ ರಾಯಲ್ ಟ್ಯಾಂಕ್ ಕೋರ್‌ಗೆ ಮಂಜೂರಾತು. ಅಂಚಿಲ್ಲ, ಹಂಗಾಗಿ ದುರ್ಬೀನಿಗೆ ಕಣ್ಣು ಹಚ್ಚಲಿಕ್ಕೆ ಅಡ್ಡ ಬರಂಗಿಲ್ಲ; ಎಣ್ಣಿ ಕೈಲೆ ಮುಟ್ಟಿದ್ರೂ ಕಾಣಂಗಿಲ್ಲ. ಅದೇ ಕಪ್ಪು ಬೆರೆಟ್ ನಮ್ಮ ಆರ್ಮರ್ಡ್ ಕೋರ್‌ಗೂ ಬಂತು, ಜೋಡಿಗೆ ಕಪ್ಪು ಡಂಗ್ರಿ (ಮೈತುಂಬ ಹಾಕೋ ಒಂದೇ ತುಂಡಿನ ಕೆಲಸದ ಬಟ್ಟಿ).

ಪಾಕಿಸ್ತಾನದ ಜೊತಿ ಯುದ್ಧದ ಬಸಂತರ್ ಕದನ, 1971 ಡಿಸೆಂಬರ್ 16; ರೆಜಿಮೆಂಟು ‘17 ಪೂನಾ ಹಾರ್ಸ್’. ಅರುಣ್ ಖೇತ್ರಪಾಲ್ ಅವರ ಸೆಂಚೂರಿಯನ್, ಹೆಸರು ‘ಫಾಮಾಗುಸ್ತಾ’. ಟ್ಯಾಂಕ್ ಕಿಟ್ ಎಎಫ್‌ವಿ ಕ್ಲಬ್‌ದು ನಡೀತದ. ಸಿಬ್ಬಂದಿ ನಾಕು ಮಂದಿ: ಕಮಾಂಡರ್, ಗನ್ನರ್, ಲೋಡರ್, ಡ್ರೈವರ್. ಐದು ಮಂದಿ ಕೂಡಿಸಬ್ಯಾಡ್ರಿ, ಅದು ಶರ್ಮನ್ ಲೆಕ್ಕ. ಅದೇ 1971ರ ಗರೀಬಪುರ ಕದನದ ಪಿಟಿ-76 ಟ್ಯಾಂಕಿಗೆ ಮೂರೇ ಮಂದಿ, ಟಿ-55ಕ್ಕ ನಾಕು.

ನಮ್ಮವರ ಸೆಟ್ ಪೆಟ್ಟಿಗ್ಯಾಗ ಸಿಗೋದು ಅಪರೂಪ, ಹಂಗಾಗಿ ಮಾಡ್ಕೋಬೇಕು. ಬ್ರಿಟಿಷ್ ಸಿಬ್ಬಂದಿ ಸೆಟ್ಟಿನ ಮೈ ತಗೋರಿ, ಒಂದೇ ತುಂಡಿನ ಡಂಗ್ರಿ ಹಾಕಿದ್ದು ಇರಬೇಕು. ಅಂಗಿ ಪ್ಯಾಂಟು ಬ್ಯಾರೆ ಇದ್ರ ಸೊಂಟದ ಗೆರಿ ಪುಟ್ಟಿ ತುಂಬಿ ಅಳಿಸ್ರಿ. ಪಿಕ್ಸಿ ಸೂಟ್ ಹಾಕಿದ ಮೈ ಬ್ಯಾಡ. ಕುತ್ತಿಗಿಯಿಂದ ಪಾದದ ತನಕ ಎರಡು ಜಿಪ್ ಇರ್ತಾವಲ್ಲ, ಅದು ಯುರೋಪಿನ ಚಳಿಗೆ ಮಾಡಿದ್ದು. ತಲೆ ಹಾರ್ನೆಟ್ ಕಂಪನಿಯ ರೆಸಿನ್ ಬೆರೆಟ್ ಸೆಟ್‌ದು. ಬೆರೆಟ್ ಬಲಕ್ಕ ಎಳದಿರಬೇಕು, ಬಿಲ್ಲೆ ಎಡಗಣ್ಣಿನ ಮ್ಯಾಲೆ. ಎಡಕ್ಕ ಎಳದ ತಲಿ ಬಂದ್ರ ಅದು ಬ್ಯಾರೆ ದೇಶದ್ದು, ವಾಪಸ್ ಇಡ್ರಿ.

ಹೊಸೂರಿನವ್ರ ಕಪ್ಪು ಉಣ್ಣಿದು. ಡಂಗ್ರಿ ಹತ್ತಿ ಬಟ್ಟಿ. ಹತ್ತಿ ಕಪ್ಪು ಒಗದಂಗೆಲ್ಲ ಕಂದು ಬೂದು ಆಗ್ತದ, ಭುಜ ಮೊಣಕಾಲು ಮೊದಲು. ತಳಕ್ಕ 70.862 ಬ್ಲ್ಯಾಕ್ ಗ್ರೇ, ಬೆಳಕಿಗೆ ಅದಕ್ಕ 70.843 ಕಾರ್ಕ್ ಬ್ರೌನ್. ಅಂಚುಗಳು ಉಣ್ಣಿಗಿಂತ ಚೂಪು ಇರಲಿ, ಮಡಿಕಿ ಹೆಚ್ಚು ಇರ್ತಾವ.

ಸೆಂಚೂರಿಯನ್, ಶರ್ಮನ್ ಕಣ್ಣಾರೆ ನೋಡಬೇಕಂದ್ರ ಅಹಮದನಗರದ ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂ, ಈಗ ಊರಿನ ಹೆಸರು ಅಹಿಲ್ಯಾನಗರ. ಸೋಲಾಪುರದಿಂದ ರೈಲಿಗೆ ಹೋಗೋರು ದೌಂಡ್ ಮ್ಯಾಲಿಂದ ಹೋಗ್ರಿ. ಹ್ಯಾಚಿನ ಅಗಲ ಅಳೀರಿ. ಫಿಗರ್ ಭುಜ ಹ್ಯಾಚಿನ್ಯಾಗ ಇಳಿಯದಿದ್ರ ಹೆಚ್ಚಾಗಿ ಫಿಗರ್ ತಪ್ಪಿರ್ತದ, ಟ್ಯಾಂಕ್ ಅಲ್ಲ. 175 ಸೆಂಟಿಮೀಟರ್ ಮನುಷ್ಯ 1/35ರಾಗ ನೆಟ್ಟಗ 50 ಮಿಲಿಮೀಟರ್. ಆಟಿಕಿ ಸೈನಿಕರ 54 ಮಿಲಿಮೀಟರ್ ಅಂದ್ರ 1/32, ಅದನ್ನ ತಂದು 1/35 ಟ್ಯಾಂಕಿನ್ಯಾಗ ಕೂಡಿಸಿದ್ರ ಪೈಲ್ವಾನ್ ಕುಂತಂಗ.

ಆದೋನಿ ಅಳತೆ

ಅಕ್ಕಲಕೋಟೆಯವರ ಮಾತಿಗೆ ಒಂದು ತಿದ್ದುಪಡಿ. ಡಂಗ್ರಿ ಕಪ್ಪು ಎಂದು 1965ಕ್ಕೂ 1971ಕ್ಕೂ ಎಲ್ಲ ರೆಜಿಮೆಂಟಿಗೂ ಒಂದೇ ಸಮ ಬಳಿಯಬೇಡಿ. ಆಯಾ ರೆಜಿಮೆಂಟಿನ ಆಯಾ ವರ್ಷದ ಚಿತ್ರ ಎದುರಿಗಿಟ್ಟುಕೊಳ್ಳಿ. ಟ್ಯಾಂಕ್ ಹೊತ್ತ ದಿನಾಂಕಕ್ಕೆ ಬಟ್ಟೆ ಹೊಂದಬೇಕು.

ಅಕ್ಕಲಕೋಟಿ ಆರ್ಮರ್

ಒಪ್ಪಿದೆ.

ಕುಂಬಳೆ ಕುಂಚ

ಬಸಂತರಿಗೆ ನೆಲ ಮಾಡುವುದಾದರೆ ಇಲ್ಲಿನ ಮಣ್ಣು ಜರಡಿ ಹಿಡಿದು ಹಾಕಬಹುದಾ?

ಅಕ್ಕಲಕೋಟಿ ಆರ್ಮರ್

ನಿಮ್ಮ ಮುರಕಲ್ಲಿನ ಕೆಂಪು ಮಣ್ಣು ಹಾಕಿದ್ರ ಬಸಂತರ್ ಇರೋ ಶಕರಗಢ ಮಂಜೇಶ್ವರ ಆಗ್ತದ. ನಮ್ಮ ಎರಿ ಮಣ್ಣು ಹಾಕಿದ್ರ ಜೋಳದ ಹೊಲ ಆಗ್ತದ. ಅಲ್ಲಿಂದು ಪಂಜಾಬಿನ ಮೆಕ್ಕಲು, ತಿಳಿ ಕಂದು ಬೂದು. ಪಿಗ್ಮೆಂಟ್ ಪುಡಿನೇ ಕಲಸ್ರಿ. ಮರಳಿನ ಬಣ್ಣ ಮೂರು ಪಾಲು, ತಿಳಿ ಬೂದು ಒಂದು ಪಾಲು, ಕಂದು ಚಿಟಿಕಿ. ಕಪ್ಪು ಡಂಗ್ರಿ ಮ್ಯಾಲೆ ಒಣಗಿದ ಕುಂಚದಲೆ ಮೊಣಕಾಲು, ಕುಂಡಿ, ಮೊಣಕೈಗೆ ಮಾತ್ರ. ಕಪ್ಪಿಗೆ ಆಕಾರ ಕೊಡೋದು ಬೆಳಕಿಗಿಂತ ಧೂಳೇ ಹೆಚ್ಚು, ಇದು ನನ್ನ ಖಾಯಂ ವಾದ.

ಹೊಸೂರು 35

ಧೂಳಲ್ಲಿ ತಪ್ಪು ಮುಚ್ಚೋದು ಅಂತಾರೆ ಅದಕ್ಕೆ. ಮೊದಲು ಬಣ್ಣ ಸರಿ ಇರಲಿ ಸಾರ್.

ಇನ್ನು ನೆಲಕ್ಕೆ ನಿಜವಾದ ಮಣ್ಣೇ ಹಾಕೋರು ಮೊದಲು ಓವನ್‌ನಲ್ಲಿ 120 ಡಿಗ್ರಿಗೆ ಅರ್ಧ ಗಂಟೆ ಹುರೀರಿ. ಹಸಿ ಮಣ್ಣಲ್ಲಿ ಬೂಸಲಿನ ಬೀಜ ಇರುತ್ತೆ, ಫೆವಿಕಾಲ್ ತೇವ ಸಿಕ್ಕರೆ ವಾರದಲ್ಲಿ ಬಿಳಿ ಹುಲ್ಲು ಬೆಳೆಯುತ್ತೆ.

ನೀರ್ಚಾಲು ನೂಲು

1/6 ಗಾತ್ರದ, ನಿಜ ಬಟ್ಟೆಯ ಸಮವಸ್ತ್ರ ಇರುವ ಫಿಗರ್ ಇಟ್ಟುಕೊಂಡವರಿಗೆ ಬರೆಯುತ್ತೇನೆ. ಸುಮಾರು 29–30 ಸೆಂಟಿಮೀಟರಿನವು. ಇವಕ್ಕೆ ವಾರ್ನಿಷ್ ಚಿಂತೆ ಇಲ್ಲ, ಬೂಸಲಿನ ಚಿಂತೆ.

ಜೂನ್ ಮೊದಲ ವಾರಕ್ಕೆ ಮುಂಚೆ ಬಟ್ಟೆ ಬಿಚ್ಚಿ ಮೆತ್ತನೆ ಬ್ರಷ್ಷಿನಲ್ಲಿ ಧೂಳು ತೆಗೆಯಿರಿ. ಬೂಸಲು ತಿನ್ನುವುದು ಧೂಳನ್ನು ಮತ್ತು ಬೆರಳಿನ ಎಣ್ಣೆಯನ್ನು. ಕಪ್ಪು ಉಣ್ಣೆ ತೊಳೆಯಬೇಡಿ, ಕುಗ್ಗುತ್ತದೆ, ಗುಲಾಬಿ ಅಂಚಿಗೆ ಕಪ್ಪು ಇಳಿಯುತ್ತದೆ. ಕಪ್ಪು ಬಟ್ಟೆ ವರ್ಷಗಟ್ಟಲೆ ತೊಡಿಸಿಯೇ ಇಟ್ಟರೆ ಬಣ್ಣ ಗೊಂಬೆಯ ಮೈಗೆ ಹತ್ತಿ ಮತ್ತೆ ಹೋಗುವುದಿಲ್ಲ. ಮೈಗೂ ಬಟ್ಟೆಗೂ ನಡುವೆ ಆಸಿಡ್ ಇಲ್ಲದ ತೆಳು ಟಿಶ್ಯೂ ಕಾಗದ ಸುತ್ತಿ.

ಸೋವಿಯತ್ ಸಿಬ್ಬಂದಿಯ ಚರ್ಮದ ಜಾಕೆಟ್, ಬೆಲ್ಟ್, ಹೋಲ್‌ಸ್ಟರ್ ಹೆಚ್ಚಿನವು ನಿಜ ಚರ್ಮ ಅಲ್ಲ, ಪಿಯು (ಪಾಲಿಯುರೆಥೇನ್ ಪ್ಲಾಸ್ಟಿಕ್) ಲೇಪ. ಪಿಯು ನೀರಾವಿ ಕುಡಿದು ತಾನೇ ಒಡೆಯುತ್ತದೆ. ಮೊದಲು ಅಂಟು, ಆಮೇಲೆ ಹಪ್ಪಳದ ಹಾಗೆ ಸಿಪ್ಪೆ ಏಳುತ್ತದೆ. ಇದಕ್ಕೆ ಮದ್ದಿಲ್ಲ. ತಡ ಮಾಡಬಹುದು ಅಷ್ಟೆ: ಮಡಿಚಿ ಇಡಬಾರದು, ತಾಗಿಸಿ ಇಡಬಾರದು, ಎಣ್ಣೆ ಪಾಲಿಶ್ ಹಾಕಲೇಬಾರದು.

ಡಬ್ಬಿ: ರಬ್ಬರ್ ಅಂಚಿನ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಹತ್ತು ಲೀಟರಿಗೆ 100 ಗ್ರಾಂ ಸಿಲಿಕಾ ಜೆಲ್, ಬಣ್ಣ ಬದಲಾಗುವ ಜಾತಿಯದ್ದು. ಕಿತ್ತಳೆ ಇದ್ದದ್ದು ಹಸಿರಾದರೆ 110 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿ, ತಣಿದ ಮೇಲೆ ಪುನಃ ಹಾಕಿ. ಮಳೆ ಬರುವ ದಿನ ಡಬ್ಬಿ ಮುಚ್ಚಿದರೆ ತೇವವನ್ನೇ ಒಳಗೆ ಕಟ್ಟಿದ ಹಾಗೆ. ಬಿಸಿಲಿರುವ ಮಧ್ಯಾಹ್ನ ಮುಚ್ಚಿ.

ನುಸಿಗುಳಿಗೆ ಹಾಕಲೇಬೇಡಿ. ಸೀರೆ ಪೆಟ್ಟಿಗೆಗೆ ಸರಿ, ಇಲ್ಲಿಗಲ್ಲ. ನ್ಯಾಫ್ತಲೀನ್ ಆವಿ ಪಾಲಿಸ್ಟೈರೀನ್ ಪ್ಲಾಸ್ಟಿಕನ್ನು ಮೆತ್ತಗೆ ಮಾಡುತ್ತದೆ, ಬಣ್ಣವೂ ಜಿಗುಟಾಗುತ್ತದೆ. ಹಸಿ ಬೇವಿನೆಲೆಯೂ ಬೇಡ, ಅದರದ್ದೇ ತೇವ ಒಳಗೆ ಬರುತ್ತದೆ.

ಹಳೆ ಸೀಸದ ಸೈನಿಕರು ಇರುವವರು ಅವನ್ನು ಮರದ ಕಪಾಟಿನಲ್ಲಿ, ಅದರಲ್ಲೂ ಪ್ಲೈವುಡ್ ಕಪಾಟಿನಲ್ಲಿ ಮುಚ್ಚಿಡಬಾರದು. ಮರ ಮತ್ತು ಅಂಟಿನಿಂದ ಹುಳಿ ಆವಿ ಬಂದು ಸೀಸ ಬಿಳಿ ಪುಡಿಯಾಗುತ್ತದೆ. ಗಾಜು ಮತ್ತು ಲೋಹದ ಕಪಾಟು ಒಳ್ಳೆಯದು. ಬ್ರಿಟನ್ಸ್‌ನವರ ಟೊಳ್ಳು ಸೀಸದ ಎರಕ 1893ರಿಂದ 1966ರವರೆಗಿನದು, ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ.

ಹೊಸೂರು 35

ನೂಲಕ್ಕ ಬರೆದಿದ್ದು ಒಂದು ಕಡೆ ಮೇಲಕ್ಕೆ ಅಂಟಿಸಿ ಇಡಬೇಕು.

ಕುಂಬಳೆ ಕುಂಚ

ಎಕ್ಸ್-22 ಎಳೆದಾಯಿತು. ಎರಡರಲ್ಲಿ ಬೂದಿ ಪೂರ್ತಿ ಹೋಯಿತು. ಮೂರನೆಯದರಲ್ಲಿ ಎಡತೋಳಿನ ಮಡಿಕೆಯಲ್ಲಿ ಇನ್ನೂ ಉಂಟು. ಅದೇ ಫಿಗರಿನ ಕನ್ನಡಕದ ಗಾಜೂ ಮಂಜಾಗಿದೆ, ಅದಕ್ಕೆ ವಾರ್ನಿಷ್ ತಾಗಲೇ ಇಲ್ಲ.

ಹೊಸೂರು 35

ಗಾಜು ಮಂಜಾಗಿದ್ದು ಫೆವಿಕ್ವಿಕ್ ಥರದ ಅಂಟಿನ ಆವಿಯಿಂದ.  ಪಾರದರ್ಶಕ ತುಂಡಿಗೆ ಬಿಳಿ ಫೆವಿಕಾಲ್ ಸಾಕು, ಒಣಗಿದ್ರೆ ಕಾಣಲ್ಲ. ಈಗ ಆಗಿರೋದಕ್ಕೆ ಎಕ್ಸ್-22 ಒಂದು ಹನಿ ಗಾಜಿನ ಮೇಲೆ ಬಿಡಿ.

ಮಡಿಕೆಯಲ್ಲಿ ಉಳಿದಿರೋದು ದಪ್ಪ ಪೊರೆ, ಹೊಳಪು ಕೆಳಗೆ ಇಳಿದಿಲ್ಲ. ಹೇಗೂ ಬೆರೆಟ್ ತಲೆ ಬದಲಿಸಬೇಕಲ್ಲ, ಆ ಫಿಗರ್ ಪೂರ್ತಿ ಬಣ್ಣ ಕೀಳೋದೇ ಸುಲಭ. ಶೇ. 99ರ ಐಸೊಪ್ರೊಪೈಲ್ ಆಲ್ಕೊಹಾಲ್, ಗಾಜಿನ ಬಾಟಲಿ, ಮುಚ್ಚಳ ಹಾಕಿ ಅರ್ಧ ಗಂಟೆ. ಹಳೇ ಹಲ್ಲುಜ್ಜೋ ಬ್ರಷ್ಷಲ್ಲಿ ಉಜ್ಜಿ. ವಾರ್ನಿಷ್ ಇರೋದ್ರಿಂದ ಮೊದಲ ಸಲ ಅರ್ಧ ಬರುತ್ತೆ, ಇನ್ನೊಂದು ಅರ್ಧ ಗಂಟೆ ಬಿಡಿ. ಸ್ಯಾನಿಟೈಸರ್ ಹಾಕಬೇಡಿ, ಅದರಲ್ಲಿ ನೀರು ಜಾಸ್ತಿ. ನೇಲ್ ಪಾಲಿಶ್ ತೆಗೆಯೋ ಅಸಿಟೋನ್ ಹಾಕಿದ್ರೆ ಫಿಗರೇ ಕರಗುತ್ತೆ. ಕಿಟಕಿ ತೆಗೆದಿಡಿ, ದೀಪ ಒಲೆ ಹತ್ತಿರ ಬೇಡ. ಆಮೇಲೆ ಪಾತ್ರೆ ಸೋಪಲ್ಲಿ ತೊಳೆದು ಒಂದು ರಾತ್ರಿ ಒಣಗಿಸಿ ಪ್ರೈಮರ್.

ಫೆವಿಕ್ವಿಕ್ ಹಾಕಿದ ಕೈಗಳು ಉದುರಬಹುದು, ಬಾಟಲಿ ಚೆಲ್ಲೋ ಮುಂಚೆ ತಳ ನೋಡಿ.

ಕುಂಬಳೆ ಕುಂಚ

ಒಂದು ಕೈ ಉಂಟು ತಳದಲ್ಲಿ. ಬಲಗೈ.